ಏಳು ತಿಂಗಳಿಗೆ ಹುಟ್ಟಿದವರು

ಬಂಗಾರಪೇಟೆಯ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತುವಾಗ ಯಾರಾದರೂ ಮೈಮೇಲೆ ಬಿದ್ದು ನುಗ್ಗಿದರೆ ಹಿಂದಿನಿಂದ ಒಂದು ಮಾತು ಕೇಳಿಬರುತ್ತದೆ: “ಏನಯ್ಯಾ, ಏಳು ತಿಂಗಳಿಗೆ ಹುಟ್ಟಿದವನ ಹಾಗೆ ಆಡ್ತೀಯಲ್ಲ!” ಅವಸರಗಾರನನ್ನು ಮೂದಲಿಸಲು ನಮ್ಮ ಜನ ಕಂಡುಕೊಂಡಿರುವ ಮಾತು ಇದು. ನಾನೂ ಎಷ್ಟೋ ಸಲ ಇದನ್ನು ಆಡಿ ನಕ್ಕವನೇ. ಆದರೆ ನಮ್ಮ ಮನೆಯಲ್ಲಿಯೇ ಏಳು ತಿಂಗಳಿಗೆ ಹುಟ್ಟಿದ ಹುಡುಗನೊಬ್ಬನಿದ್ದಾನೆ. ಅವನನ್ನು ಹತ್ತಿರದಿಂದ ನೋಡಿದ ಮೇಲೆ ಈ ಮಾತಿನಲ್ಲಿ ಹುರುಳಿಲ್ಲವೆಂದು ನನಗೆ ಮನವರಿಕೆಯಾಗಿದೆ.

ಅವನು ನನ್ನ ಚಿಕ್ಕಪ್ಪನ ಮಗ. ಕ್ಯಾಸಂಬಳ್ಳಿಯ ಕಡೆಯ ನಮ್ಮ ಹಳ್ಳಿಯಲ್ಲಿ ಅವನಷ್ಟು ನಿಧಾನಸ್ಥ ಇನ್ನೊಬ್ಬನಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಕಾಲುಗಂಟೆ ಬೇಕು. ಡೈರಿಗೆ ಹಾಲು ಕೊಟ್ಟು ಕಳುಹಿಸಿದರೆ ಒಂದಿಷ್ಟು ದಾರಿಯ ಪಾಲಾಗುತ್ತದೆ. ಚೆಂಡು ಎಸೆದರೆ ಕೈಗೆ ಸಿಕ್ಕದೆ ಎದೆಗೆ ಬಡಿಯುತ್ತದೆ. ನಡೆಯುತ್ತಾನೆ, ಓಡುತ್ತಾನೆ, ನೋಡಿದವರಿಗೆ ಯಾವ ಊನವೂ ಕಾಣದು. ಪಾಠವನ್ನು ಬಾಯಲ್ಲಿ ಒಪ್ಪಿಸುವುದರಲ್ಲಿ ತರಗತಿಗೇ ಮುಂದು. ಬರೆಯೆಂದರೆ ಮಾತ್ರ ಅಕ್ಷರಗಳು ಗೆರೆಬಿಟ್ಟು ಜಾರುತ್ತವೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಅದಕ್ಕಾಗಿ ಅವನು ಶಾಲೆಯಲ್ಲಿ ಏಟು ತಿಂದದ್ದುಂಟು; ಮನೆಯಲ್ಲಿ ‘ಸೋಮಾರಿ’ ಎನ್ನಿಸಿಕೊಂಡದ್ದಂತೂ ಲೆಕ್ಕವಿಲ್ಲ. ಒಂದು ಸಂಜೆ ಅವನು ನನಗೆ ಹೇಳಿದ: “ಅಣ್ಣಾ, ತಲೇಲಿ ಅಕ್ಷರ ದುಂಡಗೇ ಇರುತ್ತೆ. ಕೈಗೆ ಬರೋ ಹೊತ್ತಿಗೆ ಸೊಟ್ಟ ಆಗುತ್ತೆ. ನಾಳೆಯಿಂದ ಇಸ್ಕೂಲಿಗೆ ಹೋಗಲ್ಲ.” ಆ ಮಾತೇ ಈ ಲೇಖನಕ್ಕೆ ಕಾರಣ.

ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದು ಇಂಥದು. 2020ರಲ್ಲಿ ನಮ್ಮ ದೇಶದಲ್ಲಿಯೇ ಸುಮಾರು 30 ಲಕ್ಷ ಮಕ್ಕಳು ಹೀಗೆ ಹುಟ್ಟಿದರೆಂದು ಅಂದಾಜು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಶಿಶುವಿನ ಮೆದುಳು ಅತಿ ವೇಗದಿಂದ ಬೆಳೆಯುತ್ತದೆ. ನುಣುಪಾಗಿದ್ದ ಅದರ ಮೇಲ್ಮೈಯಲ್ಲಿ ಮಡಿಕೆಗಳು ಮೂಡುತ್ತವೆ. ಅದರ ಆಜ್ಞೆಯನ್ನು ಕೈಕಾಲುಗಳ ಕಡೆಗೆ ಒಯ್ಯುವ ನರತಂತುಗಳು ಬಲಿಯುತ್ತವೆ. ಚಲನೆಯನ್ನು ಹದಗೊಳಿಸುವ ಕಿರುಮೆದುಳು ದೊಡ್ಡದಾಗುತ್ತದೆ. ಈ ಕೆಲಸವೆಲ್ಲ ಮುಗಿಯುವ ಮುನ್ನ ಮಗು ಹೊರಬಂದರೆ, ಉಸಿರಾಟದ ಏರುಪೇರು, ಸೋಂಕು ಮುಂತಾದವುಗಳಿಂದ ಆ ಎಳೆಯ ತಂತುಗಳಿಗೆ ಪೆಟ್ಟು ತಗಲಬಹುದು. ಇಂಥ ಮಕ್ಕಳಲ್ಲಿ ಹೆಚ್ಚಿನವರು ತೊಂದರೆಯಿಲ್ಲದೆ ಬೆಳೆಯುತ್ತಾರೆ. ಕೆಲವರಿಗೆ ಎದ್ದು ಕಾಣುವ ಅಂಗವೈಕಲ್ಯ ಉಳಿಯುತ್ತದೆ. ಇವೆರಡರ ನಡುವೆ ನನ್ನ ತಮ್ಮನಂಥವರು ಇದ್ದಾರೆ. ಇವರ ವಿಷಯವೇ ಯಾರ ಗಮನಕ್ಕೂ ಬೀಳದೆ ಹೋಗುವುದು.

ಅಕಾಲ ಜನನಕ್ಕೂ ಕೈಕಾಲುಗಳ ತೊಂದರೆಗೂ ಇರುವ ನಂಟನ್ನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ ಎಂಬುವರು 1861ರಷ್ಟು ಹಿಂದೆಯೇ ಅಲ್ಲಿನ ಪ್ರಸೂತಿ ವೈದ್ಯರ ಸಂಘದ ಮುಂದೆ ವಿವರಿಸಿದ್ದರು. ಅವರು ಕಂಡದ್ದು ಕಾಲು ಸೆಟೆದುಕೊಂಡ ತೀವ್ರ ತರದ ಮಕ್ಕಳನ್ನು. ಸೌಮ್ಯ ತರದ ತೊಂದರೆಯನ್ನು ಗುರುತಿಸಲು ಇನ್ನೂ ಬಹಳ ವರ್ಷ ಹಿಡಿಯಿತು. ಈಗ ವೈದ್ಯರು ಇದಕ್ಕೆ ‘ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್’ ಎನ್ನುತ್ತಾರೆ. ಅಂದರೆ ಅಂಗಾಂಗಗಳ ಹೊಂದಾಣಿಕೆಯ ಕೊರತೆ. ತಿಂಗಳು ತುಂಬಿ ಹುಟ್ಟಿದವರಲ್ಲಿಯೂ ಇದು ಉಂಟು. ನೂರಕ್ಕೆ ಐದಾರು ಮಕ್ಕಳಿಗೆ ಇದೆಯೆಂದು ಹೇಳುತ್ತಾರೆ. ಬೇಗ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಎಂದಮೇಲೆ ನಾವು ಓದಿ ಬಂದ ಒಂದೊಂದು ತರಗತಿಯಲ್ಲಿಯೂ ಇಂಥ ಒಬ್ಬಿಬ್ಬರು ಇದ್ದಿರಬೇಕಲ್ಲವೆ? ಅವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೆವೆಂದು ವಾಚಕರು ನೆನಪುಮಾಡಿಕೊಳ್ಳಲಿ.

“ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯದು” ಎಂದು ನಮ್ಮ ಅಜ್ಜಿ ಈಗಲೂ ನಂಬುತ್ತಾರೆ. ಇದು ತಪ್ಪು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಆದರೆ ಈ ನಂಬಿಕೆಯಿಂದ ಇನ್ನೊಂದು ಕೇಡೂ ಇದೆ. ಉಳಿಯಿತೆಂದರೆ ಮುಗಿಯಿತು, ಇನ್ನು ನೋಡುವುದೇನೂ ಇಲ್ಲವೆಂಬ ಭಾವನೆಯನ್ನು ಅದು ಬೆಳೆಸುತ್ತದೆ.

ನೋಡಿದರೆ ಫಲವುಂಟೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟ ಕೆಡುವ ರೋಗವನ್ನು ಪತ್ತೆಹಚ್ಚಲು ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆಯನ್ನು ಆರಂಭಿಸಿದರು. ತಂತ್ರಜ್ಞರು ಊರೂರಿನ ಆಸ್ಪತ್ರೆಗಳಿಗೆ ಹೋಗಿ ಶಿಶುಗಳ ಕಣ್ಣಿನ ಚಿತ್ರ ತೆಗೆದು ಕಳುಹಿಸುತ್ತಾರೆ. ದೂರದಲ್ಲಿರುವ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಕಣ್ಣಿಗೆ ತೋರಿದ ಈ ಕಾಳಜಿಯನ್ನು ಕೈಗೂ ತೋರಬೇಡವೆ?

ದಾರಿ ಇಲ್ಲವೆಂದಲ್ಲ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೂ ಒಂದು ಬಾರಿ ಸರಕಾರಿ ಶಾಲೆಗಳಿಗೂ ಬರಬೇಕು; ಬೆಳವಣಿಗೆಯ ಕುಂಠಿತವೂ ಅವರು ಪರೀಕ್ಷಿಸಬೇಕಾದವುಗಳಲ್ಲಿ ಒಂದು. ಆದರೆ ಮಗು ಬೇಗ ಹುಟ್ಟಿದ್ದೆಂದು ಅವರಿಗೆ ತಿಳಿಸಬೇಕಾದವರು ಮನೆಯವರು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ವರ್ಷ ತುಂಬಿದಾಗ ಅದರ ಬೆಳವಣಿಗೆಯನ್ನು ಹತ್ತು ತಿಂಗಳಿನದೆಂದು ಎಣಿಸಬೇಕು. ಹಾಗೆ ಎಣಿಸಿಯೂ ಒಂಬತ್ತು ತಿಂಗಳಿಗೆ ಕೂರದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ, ‘ತಾನಾಗಿ ಸರಿಹೋಗುತ್ತದೆ’ ಎನ್ನದೆ ವೈದ್ಯರಿಗೆ ತೋರಿಸಬೇಕು.

ಶಾಲೆಯಲ್ಲಿ ಮಾಡಬೇಕಾದುದು ಇನ್ನೂ ಸುಲಭ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಅದೇ ಕೆಲಸವನ್ನೇ ತಾಳ್ಮೆಯಿಂದ ಅಭ್ಯಾಸಮಾಡಿಸಬೇಕು. ದಪ್ಪನೆಯ ಪೆನ್ಸಿಲು, ಅಗಲ ಗೆರೆಯ ಪುಸ್ತಕ, ಪಾದ ನೆಲಕ್ಕೆ ತಾಗುವಂಥ ಬೆಂಚು, ಬರೆಯಲು ಹೆಚ್ಚು ವೇಳೆ, ಕೆಲವು ಪ್ರಶ್ನೆಗಳಿಗೆ ಬಾಯುತ್ತರ: ಇವುಗಳಿಗೆ ಎಷ್ಟು ಖರ್ಚಾದೀತು? ಇನ್ನು ಹೊಡೆಯುವ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯೇ ಅದನ್ನು ನಿಷೇಧಿಸಿದೆ.

ಕೆಲವು ಮಹಾಶಯರು ಆಕ್ಷೇಪಿಸಬಹುದು: “ಹೀಗೆ ರಿಯಾಯಿತಿ ಕೊಟ್ಟರೆ ಎಲ್ಲರೂ ನೆಪ ಹೇಳುವುದಿಲ್ಲವೆ? ನೂರಕ್ಕೆ ನಲವತ್ತರ ಅಂಗವೈಕಲ್ಯವಿದ್ದವರಿಗೆ ಸೌಲಭ್ಯ ಇದ್ದೇ ಇದೆಯಲ್ಲ?” ಇದಕ್ಕೆ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆಯಿದ್ದ ಆ ಅಭ್ಯರ್ಥಿಗೆ ನಲವತ್ತರ ಪ್ರಮಾಣವಿಲ್ಲದಿದ್ದರೂ ಪರೀಕ್ಷೆಯಲ್ಲಿ ಬರೆಯುವ ಸಹಾಯಕನನ್ನು ಪಡೆಯುವ ಹಕ್ಕುಂಟೆಂದು ಅದು ತೀರ್ಪಿತ್ತಿತು. ತೊಂದರೆ ಸಣ್ಣದೆಂಬ ಕಾರಣಕ್ಕೆ ನ್ಯಾಯವೂ ಸಣ್ಣದಾಗಬೇಕಿಲ್ಲ.

ನಮ್ಮಲ್ಲಿ ಹಲವರು ನಾಳೆ ಬಿ.ಎಡ್. ಮುಗಿಸಿ ಉಪಾಧ್ಯಾಯರಾಗುವವರು, ಎಲ್ಲರೂ ಒಂದಲ್ಲ ಒಂದು ದಿನ ತಂದೆತಾಯಿಗಳಾಗುವವರು. ಸೊಟ್ಟಕ್ಷರದ ಪುಸ್ತಕವೊಂದು ಎದುರಿಗೆ ಬಂದಾಗ ಕೆಂಪು ಗೀಟು ಎಳೆಯುವ ಮೊದಲು ‘ಈ ಮಗು ಯಾವಾಗ ಹುಟ್ಟಿತು, ಹೇಗೆ ಹುಟ್ಟಿತು’ ಎಂದು ಒಮ್ಮೆ ವಿಚಾರಿಸೋಣ. ನನ್ನ ತಮ್ಮ ಮಾರನೆಯ ದಿನ ಶಾಲೆಗೆ ಹೋದ, ಈಗಲೂ ಹೋಗುತ್ತಿದ್ದಾನೆ. ಬೆಳಿಗ್ಗೆ ಅವನು ಗುಂಡಿ ಹಾಕಿಕೊಳ್ಳುವಾಗ ನಾವು ಯಾರೂ ಕೈಹಾಕುವುದಿಲ್ಲ. ಕಾಲುಗಂಟೆ ಮುಂಚೆ ಎಬ್ಬಿಸುತ್ತೇವೆ, ಅಷ್ಟೆ. ಏಳು ತಿಂಗಳಿಗೆ ಹುಟ್ಟಿದವನು ಅವನಾದರೂ ಇಷ್ಟು ದಿನ ಅವಸರಪಟ್ಟವರು ನಾವೇ.