ಉತ್ತರಕ್ಕೆ ಯಾರು ಕಾಯಬೇಕು?

ಕುಸನೂರಿನ ಒಂದು ಹೊಲ ಮಾರಾಟವಾಗುತ್ತಿದೆ ಎಂದುಕೊಳ್ಳಿ. ಮಾರುವವರು, ಕೊಳ್ಳುವವರು, ಸಾಕ್ಷಿದಾರರು ಕಲಬುರಗಿಯ ಉಪನೋಂದಣಿ ಕಚೇರಿಯಲ್ಲಿ ಕೂತಿದ್ದಾರೆ. ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನು ನೋಂದಣಿಯ ‘ಕಾವೇರಿ’ ತಂತ್ರಾಂಶವು ಕಂದಾಯ ಇಲಾಖೆಯ ‘ಭೂಮಿ’ಯಿಂದ ಆಗಿಂದಾಗಲೇ ತಿಳಿಯಬೇಕು. ಆ ಉತ್ತರ ಬಾರದೆ ಯಾರೂ ಹೆಬ್ಬೆಟ್ಟು ಒತ್ತುವಂತಿಲ್ಲ. ನೋಂದಣಿ ಮುಗಿದ ಮೇಲೆ ಮಾತಿನ ಸ್ವಭಾವವೇ ಬೇರೆ. ನೋಂದಣಿಯ ಸುದ್ದಿ ಹೊತ್ತ ಜೆ-ಸ್ಲಿಪ್ ‘ಭೂಮಿ’ಗೆ ಹೋಗುತ್ತದೆ, ಮ್ಯುಟೇಶನ್ ಶುರುವಾಗುತ್ತದೆ, ಆಕ್ಷೇಪಣೆಗೆ ಕೆಲವು ದಿನ ಅವಕಾಶವಿರುತ್ತದೆ. ಅಷ್ಟು ದಿನ ಕಾವೇರಿ ಬಾಯಿ ನೋಡುತ್ತ ನಿಲ್ಲಬೇಕಾಗಿಲ್ಲ. ಸುದ್ದಿ ತಡವಾಗಿ ತಲುಪಿದರೂ ನಡೆದೀತು, ತಪ್ಪಿಹೋಗಬಾರದು.

ತಂತ್ರಾಂಶಗಳ ನಡುವೆ ಯಾವ ಪ್ರೋಟೊಕಾಲ್ ಇರಬೇಕೆಂಬ ಚರ್ಚೆ ಇಲ್ಲಿಂದ ಹೊರಡಬೇಕು. ಹೊರಡುವುದು ಮಾತ್ರ ಹೆಸರುಗಳಿಂದ: ರಾಯ್ ಫೀಲ್ಡಿಂಗ್ 2000ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಿವರಿಸಿದ ರೆಸ್ಟ್ ಒಳ್ಳೆಯದೋ, ಗೂಗಲ್ 2015ರಲ್ಲಿ ಹೊರತಂದ ಜಿಆರ್‌ಪಿಸಿ ಒಳ್ಳೆಯದೋ? ಸಾಮಾನ್ಯ ಬಳಕೆಯಲ್ಲಿ ಎರಡೂ ಕೇಳಿ ಕಾಯುವ ಕ್ರಮಗಳೇ. ಆಚೆಯ ಸರ್ವರ್ ಮಲಗಿದರೆ ಈಚೆಯ ಕೆಲಸವೂ ನಿಲ್ಲುತ್ತದೆ. ಜೆ-ಸ್ಲಿಪ್‌ನಂಥದ್ದಕ್ಕೆ ಬೇಕಾದದ್ದು ಸಂದೇಶವನ್ನು ಬರೆದಿಟ್ಟುಕೊಂಡು, ಆಚೆಯವರು ಎದ್ದಾಗ ಮುಟ್ಟಿಸುವ ಸರತಿ ವ್ಯವಸ್ಥೆ. 2016ರಲ್ಲಿ ಬಂದ ಯುಪಿಐ ಹಣದ ವಿಷಯದಲ್ಲೂ ಈ ವಿವೇಕ ತೋರಿದೆ. ಕೋರಿಕೆ ಮುಟ್ಟಿತೆಂಬ ಸ್ವೀಕೃತಿ ಮೊದಲು ಬರುತ್ತದೆ, ಫಲಿತಾಂಶ ಬೇರೆ ಸಂದೇಶವಾಗಿ ಬರುತ್ತದೆ. ಬಾರದಿದ್ದರೆ ಆ ವಹಿವಾಟಿನ ಸಂಖ್ಯೆ ಹಿಡಿದು ಸ್ಥಿತಿ ಕೇಳಬಹುದು.

ಇನ್ನು ಗಾತ್ರದ ವಾದ. ಜಿಆರ್‌ಪಿಸಿ ಜೊತೆ ಬಳಸುವ ಪ್ರೋಟೊಕಾಲ್ ಬಫರ್ಸ್ ಅಂಕಣಗಳ ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ ಕಳಿಸುವುದರಿಂದ ಸಂದೇಶ ಕಿರಿದಾಗುವುದು ನಿಜ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕುಸನೂರ’ ಎಂಬುದರಲ್ಲಿ ಕಾಗುಣಿತದ ಚಿಹ್ನೆಗಳೂ ಸೇರಿ 6 ಸಂಕೇತ, 18 ಬೈಟ್. ರೆಸ್ಟ್ ಜೊತೆ ಸಾಮಾನ್ಯವಾಗಿ ಬಳಸುವ ಜೇಸಾನ್‌ನಲ್ಲಿ ನೇರವಾಗಿ ಬರೆದರೂ ಅಷ್ಟೇ, ಬಫರ್ಸ್‌ನಲ್ಲೂ ಅಷ್ಟೇ. (ಕೆಲವು ತಂತ್ರಾಂಶಗಳು ಜೇಸಾನ್‌ನಲ್ಲಿ ಕನ್ನಡವನ್ನು ಸಂಕೇತಸಂಖ್ಯೆಗಳಾಗಿ ಬಿಡಿಸಿ ಕಳಿಸುತ್ತವೆ, ಆಗ 36. ಇದನ್ನು ಮೊದಲು ನಿಲ್ಲಿಸಬೇಕು.) ಊರು, ತಂದೆಯ ಹೆಸರು, ಚಕ್ಕುಬಂದಿ ತುಂಬಿದ ಕನ್ನಡದ ದಾಖಲೆಗೆ ಉಳಿತಾಯ ಅಂದುಕೊಂಡಷ್ಟಿಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿ ರೈತ ಅಲೆಯುವಾಗ, ಹೋದದ್ದೇನು ಬಂದದ್ದೇನು ಎಂದು ತೆರೆದು ಓದಬಲ್ಲ ಸಂದೇಶ ದೊಡ್ಡ ಆಸರೆ. ಇಲಾಖೆ ಇಲಾಖೆಗಳ ನಡುವೆ ಜೇಸಾನೇ ಇರಲಿ. ಒಂದೇ ತಂಡದ ಒಳಗಿನ, ಅಂಕಿಗಳೇ ಹೆಚ್ಚಿರುವ ಬಿರುಸಿನ ಮಾತುಕತೆಗೆ ಜಿಆರ್‌ಪಿಸಿ ತಕ್ಕದ್ದು.

ಸರತಿಯಲ್ಲಿಟ್ಟ ಸಂದೇಶ ಕೆಲವೊಮ್ಮೆ ಎರಡು ಸಲ ಮುಟ್ಟುತ್ತದೆ. ಒಂದೇ ಹೊಲಕ್ಕೆ ಎರಡು ಮ್ಯುಟೇಶನ್ ಹುಟ್ಟಕೂಡದು. ನೋಂದಣಿ ಸಂಖ್ಯೆ ನೋಡಿ ಎರಡನೆಯದನ್ನು ಬದಿಗಿಡುವ ಕೆಲಸವನ್ನು ಪಡೆಯುವ ತಂತ್ರಾಂಶವೇ ಮಾಡಬೇಕು. ಪ್ರೋಟೊಕಾಲ್ ಯಾವುದಾದರೂ ಆ ಹೊಣೆ ತಪ್ಪದು.