ಗಾಡಿ ಗೀರು: ಉಜ್ಜೋ ಮುಂಚೆ ಉಗುರು ಆಡಿಸಿ ನೋಡಿ

ನಮ್ಮ ಎಮ್ಮೆದೊಡ್ಡಿ ಕಡೆ ತೋಟದ ದಾರೀಲಿ ಕಾರು ತಂದ್ರೆ ಜಾಲಿ ಮುಳ್ಳು, ಲಂಟಾನ ಸುಮ್ನೆ ಬಿಡಲ್ಲ. ಗೀರು ಕಂಡ ಕೂಡ್ಲೇ ಟೂತ್‌ಪೇಸ್ಟ್ ಹಚ್ಚಿ ಉಜ್ಜೋದು ಈಗ ಎಲ್ಲರಿಗೂ ಗೊತ್ತು, ಮೊಬೈಲ್ ವಿದ್ಯೆ! ನನಗಿದು ಸರಿ ಕಾಣಲ್ಲ.

ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್. ಈ ಹೊಳಪಿನ ಪದರ ಸುಮಾರು 50 ಮೈಕ್ರಾನ್, ಅಂದ್ರೆ ಮಿಲಿಮೀಟರಿನ 20ರಲ್ಲಿ ಒಂದು ಪಾಲು. ಉಜ್ಜಿದ್ರೆ ಗೀರು ತುಂಬಿಕೊಳ್ಳಲ್ಲ, ಸುತ್ತಲ ಪದರ ಸವೆದು ಗೀರಿನ ಮಟ್ಟಕ್ಕೆ ಇಳಿಯುತ್ತೆ ಅಷ್ಟೆ. ಪದೇ ಪದೇ ಉಜ್ಜಿದ ಜಾಗ ಬಿಸಿಲಿಗೆ ಬೇಗ ಮಂಕಾಗುತ್ತೆ.

ತೊಳೆದು ಒಣಗಿಸಿ, ಗೀರಿಗೆ ಅಡ್ಡ ಉಗುರು ಆಡಿಸಿ. ತಡೀಲಿಲ್ವಾ? ನೆರಳಲ್ಲಿ, ಮೆತ್ತನೆ ಬಟ್ಟೇಲಿ ಒಂಚೂರು ರಬ್ಬಿಂಗ್ ಕಾಂಪೌಂಡ್. ಹಾಗೇ ಬಿಟ್ರೂ ಏನೂ ಆಗಲ್ಲ. ಉಗುರು ಸಿಕ್ಕಿಕೊಂಡ್ರೆ ಉಜ್ಜಿ ಪ್ರಯೋಜನವಿಲ್ಲ. ತಗಡು ಕಂಡ್ರೆ ಮಾತ್ರ ಮಳೆಗೆ ಮುಂಚೆ ತುಕ್ಕು ಕೆರೆದು ಪ್ರೈಮರ್ ಹಚ್ಚಿ, ಗಾಡಿಯ ಬಣ್ಣದ ಕೋಡ್ ನೋಡಿ ಟಚ್‌ಅಪ್ ಬಣ್ಣ ಕೊಡಿ.

ನಾವು ಮಾಡೋದು ಉಲ್ಟಾ. ಬಾಗಿಲ ಮೇಲಿನ ಕೂದಲೆಳೆ ಗೀರಿಗೆ ಗಂಟೆಗಟ್ಟಲೆ ಕೂರ್ತೀವಿ. ಗೊಬ್ಬರದ ಚೀಲ ಎಳೆದೂ ಎಳೆದೂ ಡಿಕ್ಕಿ ಅಂಚಲ್ಲಿ ತಗಡು ಬಿದ್ದಿರುತ್ತೆ, ಅದನ್ನ ನೋಡೋರಿಲ್ಲ. ರಸಗೊಬ್ಬರ ಉಪ್ಪಿನ ಜಾತಿ, ತೇವ ಸೇರಿದ್ರೆ ತಗಡು ತಿನ್ನುತ್ತೆ.

ಇನ್ನೊಂದು, ಎಷ್ಟೋ ಗೀರು ಮುಳ್ಳಿಂದಲ್ಲ, ನಮ್ಮ ಟವೆಲ್ಲಿಂದ. ಒಣ ದೂಳಿನ ಮೇಲೇ ಒರೆಸ್ತೀವಲ್ಲ! ಮೊದಲು ನೀರು ಹೊಯ್ಯಿರಿ.

ದಾರಿ ಮುಳ್ಳು ಯಾರ ಬೇಲಿದು ಅನ್ನೋ ಜಗಳ ಬೇಡ. ಭಾನುವಾರ ಮಚ್ಚು ತಗೊಂಡು ಬನ್ನಿ, ನಾನೂ ಬರ್ತೀನಿ.