ಒಮ್ಮತ ಯಾರದ್ದು?

ಬ್ಲಾಕ್‌ಚೈನ್ ಕುರಿತ ಬರಹಗಳನ್ನು ಕನ್ನಡಕ್ಕೆ ತರುವಾಗ ನನ್ನನ್ನು ಹೆಚ್ಚು ಕಾಡುವ ಪದ ‘ಕನ್ಸೆನ್ಸಸ್’. ‘ಒಮ್ಮತ’ ಎಂದು ಬರೆದರೆ ಓದುಗರ ಕಣ್ಣಿಗೆ ಪಂಚಾಯಿತಿ ಕಟ್ಟೆ ಬರುತ್ತದೆ. ಆದರೆ ಇಲ್ಲಿ ಒಪ್ಪುವುದು ಕಂಪ್ಯೂಟರುಗಳು. ಯಾವ ವ್ಯವಹಾರ ಮೊದಲು, ಯಾವುದು ಆಮೇಲೆ ಎಂಬ ಲೆಕ್ಕವಷ್ಟೇ ಅವುಗಳ ಒಮ್ಮತ. ಕೂಡಿಟ್ಟ ಹಣವನ್ನು ಏನು ಮಾಡಬೇಕೆಂದು ಜನರೇ ಮತ ಹಾಕಿ ತೀರ್ಮಾನಿಸಬೇಕು.

ಇಂಥ ಬಹುತೇಕ ಸಮುದಾಯಗಳಲ್ಲಿ ಮತ ಇರುವುದು ಟೋಕನ್‌ಗೆ. ಹತ್ತು ಇದ್ದವರಿಗೆ ಹತ್ತು ಮತ, ಲಕ್ಷ ಇದ್ದವರಿಗೆ ಲಕ್ಷ. 2022ರ ಏಪ್ರಿಲ್‌ನಲ್ಲಿ ಬೀನ್‌ಸ್ಟಾಕ್ ಎಂಬ ಯೋಜನೆಯಲ್ಲಿ ಯಾರೋ ಕ್ಷಣಮಾತ್ರದ ಸಾಲ ಎತ್ತಿ, ಮೂರನೇ ಎರಡರಷ್ಟು ಮತಬಲ ಗಳಿಸಿ, ಅಲ್ಲಿದ್ದ ಹಣವನ್ನು ತಮಗೇ ಕೊಡುವ ನಿರ್ಣಯವನ್ನು ತಾವೇ ಅಂಗೀಕರಿಸಿಕೊಂಡರು. ನಷ್ಟ ಸುಮಾರು 18 ಕೋಟಿ ಡಾಲರ್. ಮತ ಎಣಿಕೆಯಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ.

ನಾನಿರುವ ಸಯನ್‌ನಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಹೌಸಿಂಗ್ ಸೊಸೈಟಿಯ ಸಭೆಗೆ ಬರುತ್ತದೆ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಲ್ಲಿ, ಷೇರು ಎಷ್ಟೇ ಇರಲಿ, ಸದಸ್ಯರಿಗೆ ಒಂದೇ ಮತ. ಅದನ್ನೂ ಖುದ್ದಾಗಿ ಹಾಕಬೇಕು. 2019ರ ಸರ್ಕಾರಿ ನಿರ್ದೇಶನದಂತೆ ಮರುನಿರ್ಮಾಣಕ್ಕೆ ಒಟ್ಟು ಸದಸ್ಯರಲ್ಲಿ ಶೇ. 51ರಷ್ಟು ಮಂದಿಯ ಒಪ್ಪಿಗೆ ಬೇಕು, ಸಭೆಯ ವಿಡಿಯೊ ಆಗಬೇಕು. ಒಂದು ಕೋಣೆಯ ಮನೆಯ ಅಜ್ಜಿಗೂ ಮೂರು ಕೋಣೆಯ ವ್ಯಾಪಾರಿಗೂ ಅಲ್ಲಿ ಒಂದೇ ತೂಕ.

ಕನ್ನಡಿಗರಿಗೆ ಸಹಕಾರ ಹೊಸದೇನಲ್ಲ. 1905ರಲ್ಲಿ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದರು.

ಸೊಸೈಟಿಗಳೇನೂ ಸ್ವರ್ಗವಲ್ಲ. ಸಭೆಗೆ ಜನ ಬರುವುದಿಲ್ಲ, ಲೆಕ್ಕ ಕೇಳಿದರೆ ಕಾರ್ಯದರ್ಶಿಗೆ ಸಿಟ್ಟು ಬರುತ್ತದೆ. ಯಾರು ಬೇಕಾದರೂ ನೋಡಬಹುದಾದ ಬ್ಲಾಕ್‌ಚೈನಿನ ತೆರೆದ ಲೆಕ್ಕಪುಸ್ತಕವನ್ನು ನಾವು ಧಾರಾಳವಾಗಿ ಎರವಲು ಪಡೆಯಬಹುದು. ಅದರ ಮತಪದ್ಧತಿ ಮಾತ್ರ ಬೇಡ.

ಅಲ್ಲಿ ಒಬ್ಬರಿಗೆ ಒಂದು ಮತ ಎನ್ನುವುದು ಕಷ್ಟ, ಏಕೆಂದರೆ ಒಬ್ಬರೇ ಸಾವಿರ ಹೆಸರಿಲ್ಲದ ಖಾತೆ ತೆರೆಯಬಹುದು. ಸಮಾನ ಮತಕ್ಕೆ ಮೊದಲು ಮನುಷ್ಯರ ಗುರುತು ಬೇಕು. ಸೊಸೈಟಿಯಲ್ಲಿ ಬಾಗಿಲಿಗೊಂದು ಹೆಸರಿದೆ, ಜಗಳಕ್ಕೊಂದು ಮುಖವಿದೆ.

ನಾಳೆ ನಿಮ್ಮ ಸೊಸೈಟಿಗೆ ಯಾರಾದರೂ ಚದರ ಅಡಿಗೊಂದು ಟೋಕನ್ ಎಂಬ ‘ವಿಕೇಂದ್ರೀಕೃತ’ ಯೋಜನೆ ತಂದರೆ, ತಂತ್ರಜ್ಞಾನ ಅರ್ಥವಾಗಲಿಲ್ಲವೆಂದು ಸುಮ್ಮನಿರಬೇಡಿ. ಒಂದೇ ಪ್ರಶ್ನೆ ಕೇಳಿ: ಇಲ್ಲಿ ಮತವನ್ನು ಕೊಳ್ಳಬಹುದೇ?